ಊಹಾಪೋಹ: ಅರ್ಧ ಸವೆದುಹೋದ ಒಂದು ಪದ

ತುಂಬಾ ದಿನ ನಾನು ಇದನ್ನು 'ಊಟಗೀಟ', 'ಪುಸ್ತಕಗಿಸ್ತಕ' ತರದ ಜೋಡಿಪದ ಅಂದುಕೊಂಡಿದ್ದೆ. ಊಹೆಯ ಹಿಂದೆ ಸುಮ್ನೆ ತಾಳಕ್ಕೆ 'ಪೋಹ' ಸೇರಿಕೊಂಡಿದೆ ಅಂತ. ಆದರೆ ಅದು ಊಹ + ಅಪೋಹ. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ. ಊಹ ಅಂದರೆ 'ಹೀಗಿರಬಹುದು' ಎಂದು ಮುಂದಿಡುವುದು. ಅಪೋಹ ಅಂದರೆ 'ಹೀಗಿರಲಾರದು' ಎಂದು ತಳ್ಳಿಹಾಕುವುದು. ಎರಡೂ ಸೇರಿದರೆ ಒಂದು ವಿಷಯವನ್ನು ಹಿಂದೆ ಮುಂದೆ ನೋಡಿ, ಅಳೆದು ಸುರಿದು ಯೋಚಿಸುವುದು. ಕೌಟಿಲ್ಯನ ಅರ್ಥಶಾಸ್ತ್ರ ರಾಜನಿಗೆ ಬೇಕಾದ ಬುದ್ಧಿಯ ಗುಣಗಳನ್ನು ಹೇಳುವಾಗ ಊಹವನ್ನೂ ಅಪೋಹವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅಷ್ಟು ಮರ್ಯಾದೆಯ ಪದ ಇದು!

ಈಗ ನಾವು ಬಳಸುವುದು ಹೇಗೆ? 'ಊಹಾಪೋಹ ಹಬ್ಬಿದೆ', 'ಊಹಾಪೋಹಗಳಿಗೆ ಕಿವಿಗೊಡಬೇಡಿ'. ಗಾಳಿಸುದ್ದಿಗೆ ಇನ್ನೊಂದು ಹೆಸರು, ಅಷ್ಟೇ. ಊಹ ಉಳಿಯಿತು, ಅಪೋಹ ಬಿದ್ದುಹೋಯಿತು.

2025ರ ಜೂನ್ 12ರಂದು ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಹಮದಾಬಾದಿನಿಂದ ಲಂಡನ್ನಿನ ಗ್ಯಾಟ್ವಿಕ್‌ಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 787 ಮಧ್ಯಾಹ್ನ 1 ಗಂಟೆ 38 ನಿಮಿಷಕ್ಕೆ ನೆಲ ಬಿಟ್ಟಿತು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಕಟ್ಟಡಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ. ನೆಲದ ಮೇಲಿದ್ದ 19 ಜನರೂ ಹೋದರು.

ಸಂಜೆ ಕಾಫಿ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಹಕ್ಕಿ ಬಡಿದಿದೆ. ಲಗೇಜ್ ಜಾಸ್ತಿ ಆಗಿದೆ. ಇಂಧನದಲ್ಲಿ ಕಲಬೆರಕೆ. ನಮ್ಮ ಚಿಕ್ಕಪ್ಪನಂತೂ ಬಾಣ ಹಾಕಿದ ವಿಡಿಯೊ ಸಮೇತ ತೀರ್ಪು ಕೊಟ್ಟರು: 'ಚಕ್ರ ಮಡಚೋ ಬದಲು ಫ್ಲ್ಯಾಪ್ ಎಳೆದುಬಿಟ್ಟಿದ್ದಾರೆ ಕಣೋ.' ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯಿಂದ ಹೊರಚಾಚುವ ಹಲಗೆ. ವೇಗ ಕಡಿಮೆ ಇರುವಾಗ ಅದೇ ವಿಮಾನವನ್ನು ಎತ್ತಿ ಹಿಡಿಯಲು ನೆರವಾಗುತ್ತದೆ. ಒಂದು ವಿಷಯ ಒಪ್ಪಬೇಕು: ಇವು ಯಾವುವೂ ಹುಚ್ಚು ಊಹೆಗಳಲ್ಲ. ತನಿಖೆ ಮಾಡುವವರ ಪಟ್ಟಿಯಲ್ಲೂ ಮೊದಲ ದಿನ ಇವೇ ಇರುತ್ತವೆ. ಅವರು ಪಟ್ಟಿ ಬರೆದ ಮೇಲೆ ಪೆನ್ನಿನ ಕ್ಯಾಪ್ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ವಿಮಾನ ಅಪಘಾತ ತನಿಖಾ ಬ್ಯೂರೊದ ಪ್ರಾಥಮಿಕ ವರದಿ ತಿಂಗಳೊಳಗೆ ಬಂತು. ಅದನ್ನು ಅಪೋಹದ ಪಾಠದಂತೆ ಓದಬಹುದು. ವಿಮಾನದ ತೂಕ 2,13,401 ಕಿಲೊ, ಅವತ್ತಿನ ಮಿತಿ 2,18,183. ಲಗೇಜಿನ ಮಾತು ಹೋಯಿತು. ಹಾರುವ ದಾರಿಯಲ್ಲಿ ಹೇಳಿಕೊಳ್ಳುವಷ್ಟು ಹಕ್ಕಿಗಳಿರಲಿಲ್ಲ. ಇಂಧನ ತುಂಬಿದ ಗಾಡಿಗಳ ಮಾದರಿ ಪರೀಕ್ಷೆಯಲ್ಲಿ ಸರಿಯಾಗಿಯೇ ಇತ್ತು. ಫ್ಲ್ಯಾಪಿನ ಹಿಡಿ ಬೆಂಕಿಯಲ್ಲಿ ಬೆಂದಿದ್ದರೂ 5 ಡಿಗ್ರಿಯ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. ಟೇಕಾಫ್‌ಗೆ ಇರಬೇಕಾದ ಜಾಗವೇ ಅದು. ಬ್ಲ್ಯಾಕ್ ಬಾಕ್ಸ್ ಕೂಡ ಅದನ್ನೇ ಹೇಳಿತು. ಚಿಕ್ಕಪ್ಪನ ವಿಡಿಯೊ ಅಲ್ಲಿಗೆ ಮುಗಿಯಿತು.

ಒಂದು ಊಹೆ ಮಾತ್ರ ನಿಂತಿತು. ವಿಡಿಯೊದಲ್ಲಿ ಕೇಳಿದ ಗುಂಯ್‌ಗುಡುವ ಸದ್ದು 'ರ‍್ಯಾಟ್'ನದು, ಅಂದರೆ ಎರಡೂ ಎಂಜಿನ್ ಕೈಕೊಟ್ಟಿವೆ ಎಂದು ಕೆಲವು ಪೈಲಟ್‌ಗಳು ಮೊದಲೇ ಹೇಳಿದ್ದರು. ರ‍್ಯಾಟ್ ಅಂದರೆ ವಿಮಾನದ ಹೊಟ್ಟೆಯಡಿಯಿಂದ ಇಳಿಯುವ ಪುಟ್ಟ ಗಾಳಿಚಕ್ರ. ಬೇರೆ ಶಕ್ತಿ ಇಲ್ಲವಾದಾಗ ಎದುರುಗಾಳಿಗೆ ತಿರುಗಿ ಆಸರೆಯಾಗುತ್ತದೆ. ಏರ್‌ಪೋರ್ಟಿನ ಕ್ಯಾಮೆರಾದಲ್ಲಿ ಅದು ಹೊರಗೆ ಬಂದದ್ದು ಕಾಣುತ್ತದೆ.

ಎಂಜಿನ್ ನಿಂತದ್ದೇಕೆ? ನೆಲ ಬಿಟ್ಟ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಇಂಧನದ ಎರಡೂ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ 'ರನ್'ನಿಂದ 'ಕಟಾಫ್'ಗೆ, ಅಂದರೆ ಎಂಜಿನ್‌ಗೆ ಇಂಧನ ನಿಲ್ಲಿಸುವ ಜಾಗಕ್ಕೆ, ಹೋದವು. ಈ ಸ್ವಿಚ್ ನಮ್ಮ ಮನೆಯ ಫ್ಯಾನಿನ ಸ್ವಿಚ್ಚಿನ ಹಾಗಲ್ಲ. ಮೊದಲು ಮೇಲಕ್ಕೆ ಎಳೆಯಬೇಕು, ಆಮೇಲೆ ಸರಿಸಬೇಕು. ಕೈ ತಾಗಿ ಸರಿಯದಿರಲಿ ಅಂತ ಪಕ್ಕದಲ್ಲಿ ಕಾವಲು ಪಟ್ಟಿಗಳೂ ಇರುತ್ತವೆ. ಕಾಕ್‌ಪಿಟ್ ಧ್ವನಿಯಲ್ಲಿ ಒಬ್ಬ ಪೈಲಟ್ 'ಯಾಕೆ ಕಟಾಫ್ ಮಾಡಿದೆ' ಎಂದು ಕೇಳುತ್ತಾರೆ. ಇನ್ನೊಬ್ಬರು ತಾನು ಮಾಡಿಲ್ಲ ಎನ್ನುತ್ತಾರೆ. ಕೇಳಿದವರು ಯಾರು, ಹೇಳಿದವರು ಯಾರು, ಆ ವರದಿಯಲ್ಲಿಲ್ಲ. ಹತ್ತು ಸೆಕೆಂಡಿನ ಮೇಲೆ ಮೊದಲ ಸ್ವಿಚ್, ಮತ್ತೆ ನಾಲ್ಕು ಸೆಕೆಂಡಿಗೆ ಎರಡನೆಯದು ರನ್‌ಗೆ ವಾಪಸ್ ಬಂದವು. ಒಂದನೇ ಎಂಜಿನ್ ಚೇತರಿಸಿಕೊಳ್ಳತೊಡಗಿತ್ತು. ಎರಡನೆಯದು ಹೊತ್ತಿಕೊಂಡರೂ ಅದರ ವೇಗ ಇಳಿಯುತ್ತಲೇ ಇತ್ತು. ಎತ್ತರ ಉಳಿದಿರಲಿಲ್ಲ.

ಇಲ್ಲಿ ಹೊಸ ಊಹಗಳು ಹುಟ್ಟುತ್ತವೆ. ಯಾರಾದರೂ ಸರಿಸಿದರಾ? ಸ್ವಿಚ್ಚಿನ ಲಾಕ್ ಸಡಿಲವಾಗಿತ್ತಾ? ಬೋಯಿಂಗ್‌ನ ಕೆಲವು ವಿಮಾನಗಳಲ್ಲಿ ಲಾಕ್ ಹಿಡಿಯದ ಸ್ಥಿತಿಯಲ್ಲಿ ಈ ಸ್ವಿಚ್ ಕೂರಿಸಲಾಗಿದೆ ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 2018ರಲ್ಲೇ ಸೂಚನೆ ಹೊರಡಿಸಿತ್ತು. ತಪಾಸಣೆಯನ್ನು ಕಡ್ಡಾಯ ಮಾಡಿರಲಿಲ್ಲ. ಅಹಮದಾಬಾದಿನ ವರದಿ ಬಂದ ಮೇಲೆ ಭಾರತದಲ್ಲಿ ಈ ಸ್ವಿಚ್‌ಗಳ ತಪಾಸಣೆ ಕಡ್ಡಾಯವಾಯಿತು. ಏರ್ ಇಂಡಿಯಾ ತನ್ನ ಉಳಿದ ವಿಮಾನಗಳ ಲಾಕ್‌ಗಳಲ್ಲಿ ತೊಂದರೆ ಕಾಣಲಿಲ್ಲ ಎಂದಿತು. ಅದು ಉಳಿದ ವಿಮಾನಗಳ ಮಾತು, ಬಿದ್ದದ್ದರ ಮಾತಲ್ಲ. ಹಾಗಾಗಿ ಅಪೋಹ ಅಲ್ಲಿಗೆ ಪೂರ್ತಿಯಾಗುವುದಿಲ್ಲ.

ವರದಿ ಬಂದ ಬೆಳಿಗ್ಗೆ ಚಿಕ್ಕಪ್ಪನ ಮೆಸೇಜ್: 'ನೋಡಿದ್ಯಾ, ನಾನು ಅವತ್ತೇ ಹೇಳಿದ್ನಲ್ಲ, ಪೈಲಟ್‌ದೇ ತಪ್ಪು.' ಬೆರಳಾಡಿಸುತ್ತಾ ಹಿಂದಕ್ಕೆ ಹೋಗಿ ನೋಡಿದೆ. ಫ್ಲ್ಯಾಪಿನ ವಿಡಿಯೊ ಇನ್ನೂ ಅಲ್ಲೇ ಇತ್ತು, ಹನ್ನೊಂದು ಹೆಬ್ಬೆರಳುಗಳ ಸಮೇತ.