ಬಯಲಾಜಿಕಲ್ ಏಜ್ ರಿಪೋರ್ಟ್ ಬಂತಾ? ಮೊದಲು ಸಿಆರ್‌ಪಿ ನೋಡಿ

ಬಯಲಾಜಿಕಲ್ ಏಜ್, ಅಂದರೆ ದೇಹ ಒಳಗೆ ಎಷ್ಟು ಮುದಿಯಾಗಿದೆ ಎಂದು ಅಂದಾಜು ಮಾಡುವ ಟೆಸ್ಟ್ ಮಾಡಿಸಿಕೊಂಡು ಕರುಳಿನ ಡಾಕ್ಟರಾದ ನನ್ನ ಹತ್ತಿರ ಬರುವವರು ಈಗೀಗ ಜಾಸ್ತಿ. ವಯಸ್ಸು 42, ರಿಪೋರ್ಟಿನಲ್ಲಿ 49. ಕೆಳಗೆ ‘ಗಟ್ ಹೆಲ್ತ್ ಸುಧಾರಿಸಿಕೊಳ್ಳಿ’ ಎಂಬ ಸಲಹೆ, ಜೊತೆಗೊಂದು ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಉತ್ಪನ್ನ) ಹೆಸರು. ವಯಸ್ಸಿಗೂ ಕರುಳಿಗೂ ಏನು ಸಂಬಂಧ ಅಂತ ಕೇಳುತ್ತಾರೆ. ಸಂಬಂಧ ಇದೆ. ಅದು ತಿಳಿಯಬೇಕಾದರೆ ಆ 49 ಎಲ್ಲಿಂದ ಬಂತು ಅಂತ ನೋಡಬೇಕು.

ಒಂದು ಬಗೆಯ ಟೆಸ್ಟ್ ಡಿಎನ್‌ಎ ಮೇಲೆ ಅಂಟಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಓದುತ್ತದೆ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವಾತ್ ಅಂಥ 353 ಜಾಗಗಳನ್ನು ನೋಡಿ ವಯಸ್ಸು ಅಂದಾಜು ಮಾಡುವ ಲೆಕ್ಕ ಕೊಟ್ಟರು. ಇನ್ನೊಂದು ಬಗೆ ಸಾಮಾನ್ಯ ರಕ್ತಪರೀಕ್ಷೆಯದು. 2018ರಲ್ಲಿ ಮಾರ್ಗನ್ ಲೆವೀನ್ ತಂಡ ರೂಪಿಸಿದ ಲೆಕ್ಕಕ್ಕೆ ನಿಮ್ಮ ನಿಜವಾದ ವಯಸ್ಸಿನ ಜೊತೆ ಒಂಬತ್ತು ಅಂಶ ಸಾಕು. ಆಲ್ಬುಮಿನ್, ಕ್ರಿಯಾಟಿನಿನ್, ಸಕ್ಕರೆ, ಆಲ್ಕಲೈನ್ ಫಾಸ್ಫಟೇಸ್, ಸಿಆರ್‌ಪಿ ಎಂಬ ಪ್ರೋಟೀನು. ಉಳಿದ ನಾಲ್ಕು ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯಲ್ಲೇ ಸಿಗುತ್ತವೆ.

ಇದರಲ್ಲಿ ನಾನು ಮೊದಲು ಹುಡುಕುವುದು ಸಿಆರ್‌ಪಿ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಯಕೃತ್ತು ಇದನ್ನು ಜಾಸ್ತಿ ತಯಾರಿಸುತ್ತದೆ. ಹೋದ ವಾರ ಜ್ವರ ಬಂದಿತ್ತಾ? ಹಲ್ಲಿನ ಬುಡದಲ್ಲಿ ಕೀವಾಗಿದೆಯಾ? ಅಷ್ಟಕ್ಕೇ ನಿಮ್ಮ ‘ವಯಸ್ಸು’ ಏರಿಬಿಡಬಹುದು. ಡಿಎನ್‌ಎ ಟೆಸ್ಟ್ ಕೂಡ ಅಲುಗಾಡದ್ದೇನಲ್ಲ. ಒಂದೇ ಸ್ಯಾಂಪಲ್ಲನ್ನು ಎರಡು ಸಲ ಪರೀಕ್ಷಿಸಿದಾಗ ಕೆಲವು ಲೆಕ್ಕಗಳಲ್ಲಿ 9 ವರ್ಷದವರೆಗೆ ವ್ಯತ್ಯಾಸ ಬಂದಿದ್ದನ್ನು 2022ರ ಒಂದು ಅಧ್ಯಯನ ತೋರಿಸಿದೆ. ಹಾಗಾಗಿ ಒಂದೇ ರಿಪೋರ್ಟ್ ನೋಡಿ ದಯವಿಟ್ಟು ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಕರುಳಿಗೆ ಬರೋಣ. ಕರುಳಿನ ಒಳಗೋಡೆ ಒಂದೇ ಒಂದು ಪದರ ಜೀವಕೋಶಗಳದ್ದು, ಮೇಲೆ ಲೋಳೆಯ ಹೊದಿಕೆ. ನಾವು ತಿನ್ನುವ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಆ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಲೋಳೆಯನ್ನೇ ತಿನ್ನತೊಡಗುವುದು ಇಲಿಗಳಲ್ಲಿ ಕಂಡುಬಂದಿದೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ಚೂರುಪಾರು ರಕ್ತಕ್ಕೆ ಸೇರುತ್ತದೆ. ರೋಗನಿರೋಧಕ ವ್ಯವಸ್ಥೆ ಸದಾ ಅರೆ ಎಚ್ಚರದಲ್ಲಿರುತ್ತದೆ. ವಯಸ್ಸಾದಂತೆ ಹೆಚ್ಚುವ ಈ ಸಣ್ಣ ಉರಿಯೂತಕ್ಕೆ ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಇನ್‌ಫ್ಲಮೇಶನ್ (ಉರಿಯೂತ), ಏಜಿಂಗ್ (ಮುಪ್ಪು) ಎರಡನ್ನೂ ಸೇರಿಸಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಕೆನಡಾದ ವಿಜ್ಞಾನಿಗಳು 2017ರಲ್ಲಿ ಕಂಡಂತೆ, ಸೂಕ್ಷ್ಮಜೀವಿಗಳೇ ಇಲ್ಲದೆ ಬೆಳೆಸಿದ ಇಲಿಗಳು ಮುದಿಯಾದರೂ ಉರಿಯೂತ ಹಾಗೆ ಏರಲಿಲ್ಲ.

ಮನುಷ್ಯರಲ್ಲಿ? ಐರ್ಲೆಂಡಿನಲ್ಲಿ ಹಿರಿಯರನ್ನು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಸ್ವಂತ ಮನೆಯಲ್ಲಿದ್ದು ಬಗೆಬಗೆಯ ಊಟ ಮಾಡುವವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಜಾಸ್ತಿ ಇತ್ತು. ಆರೈಕೆ ಕೇಂದ್ರಗಳಲ್ಲಿ ವರ್ಷಗಟ್ಟಲೆ ಇದ್ದವರಲ್ಲಿ ವೈವಿಧ್ಯ ಕಡಿಮೆ, ನಿಶ್ಶಕ್ತಿ ಜಾಸ್ತಿ. ಯಾವುದರಿಂದ ಯಾವುದು ಅಂತ ಇದೊಂದರಿಂದಲೇ ಹೇಳಲಾಗದು. ಆದರೂ ಮನೆಯ ಅಜ್ಜ ಅಜ್ಜಿಗೆ ದಿನವೂ ಬರೀ ಗಂಜಿ, ಬ್ರೆಡ್ಡು ಕೊಡುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಸ್ಟ್ಯಾನ್‌ಫರ್ಡಿನಲ್ಲಿ 36 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಹುದುಗಿಸಿದ ಆಹಾರ ಜಾಸ್ತಿ ತಿಂದ ಗುಂಪಿನಲ್ಲಿ ವೈವಿಧ್ಯ ಹೆಚ್ಚಿತು, ಉರಿಯೂತದ 19 ಪ್ರೋಟೀನುಗಳು ಇಳಿದವು. ನಮ್ಮಲ್ಲಿ ಮೊಸರು, ಮಜ್ಜಿಗೆ ಇದ್ದೇ ಇವೆ, ಅಲ್ವಾ? ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಮಾತ್ರ ಹಬೆಯಲ್ಲಿ ಸಾಯುತ್ತವೆ. ನಾರಿಗೆ ರಾಗಿ, ಹುರುಳಿ, ಅಲಸಂದೆ, ಸೊಪ್ಪು. ಹೊಟ್ಟೆ ಉಬ್ಬರ ಇರುವವರು ಕಾಳನ್ನು ಒಮ್ಮೆಲೇ ಹೆಚ್ಚಿಸಬೇಡಿ, ವಾರಕ್ಕಿಷ್ಟು ಅಂತ ಏರಿಸಿ.

ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ನೋಡುವ ಮಲದ ಮೈಕ್ರೋಬಯೋಮ್ ಟೆಸ್ಟನ್ನು ನಾನು ಸಾಮಾನ್ಯವಾಗಿ ಬರೆದುಕೊಡುವುದಿಲ್ಲ. ಊಟ, ಭೇದಿ, ಆಂಟಿಬಯಾಟಿಕ್ ಎಲ್ಲದಕ್ಕೂ ಅದು ಬದಲಾಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿಯುವುದು, ಇವುಗಳಲ್ಲಿ ಒಂದಿದ್ದರೂ ಆ ದುಡ್ಡನ್ನು ಅಲ್ಲಿ ಹಾಕಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ, ಕೊಲೊನೊಸ್ಕೋಪಿ (ಕ್ಯಾಮೆರಾ ಇಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ) ಬೇಕಾ ಅಂತ ಕೇಳಿ.