ಒಂದು ಪೌಂಡಿಗೆ ಕೆಂಪು ಟೆಲಿಫೋನ್ ಬೂತ್ ಸಿಗುತ್ತದಾ?

ಪ್ರಶ್ನೆ: ಬ್ರಿಟನ್ನಿನಲ್ಲಿ ಹಳೇ ಕೆಂಪು ಟೆಲಿಫೋನ್ ಬೂತ್‌ಗಳನ್ನು 1 ಪೌಂಡಿಗೆ ಕೊಡುತ್ತಾರಂತೆ, ನಿಜವಾ? ತಗೊಂಡವರು ಅದನ್ನು ಏನು ಮಾಡುತ್ತಾರೆ?

ನಿಜ. ಅಲ್ಲಿನ ಟೆಲಿಫೋನ್ ಕಂಪನಿ ಬಿ.ಟಿ. (ಬ್ರಿಟಿಷ್ ಟೆಲಿಕಾಂ) 2008ರಲ್ಲಿ ಶುರು ಮಾಡಿದ ಯೋಜನೆ ಇದು. ಆದರೆ ಸುಮ್ನೆ ಯಾರು ಕೇಳಿದರೂ ಕೊಡುವುದಿಲ್ಲ. ಹೆಚ್ಚಾಗಿ ಊರಿನ ಪ್ಯಾರಿಷ್ ಕೌನ್ಸಿಲ್ಲೋ (ನಮ್ಮ ಗ್ರಾಮ ಪಂಚಾಯಿತಿ ಥರದ್ದು) ನೋಂದಾಯಿತ ಸೇವಾ ಸಂಸ್ಥೆಯೋ ದತ್ತು ತಗೊಳ್ಳುತ್ತವೆ. ಫೋನ್ ಹೋಗುತ್ತದೆ, ಬೂತ್ ಇದ್ದಲ್ಲೇ ಉಳಿಯುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ.

ಖರ್ಚು, ಬೆವರು ಎರಡೂ ಆಮೇಲೆ, ಬೂತ್ ರಿಪೇರಿ ಮಾಡುವಾಗ. ಹಳ್ಳಿಗಳಲ್ಲಿ ಹೆಚ್ಚಾಗಿ ಇರುವುದು ವಾಸ್ತುಶಿಲ್ಪಿ ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ವಿನ್ಯಾಸ ಮಾಡಿದ ಕೆ6 ಅನ್ನೋ ಮಾದರಿ. ಮೈಯೆಲ್ಲ ಬೀಡು ಕಬ್ಬಿಣ, ಬಾಗಿಲು ಮಾತ್ರ ತೇಗದ್ದು. ಬೀಡು ಕಬ್ಬಿಣ ಬಗ್ಗುವುದಿಲ್ಲ, ಸುತ್ತಿಗೆ ಏಟು ಜೋರಾದರೆ ಬಿರುಕು ಬಿಡುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಅದನ್ನು ಒಣಗಿದ್ದಾಗಲೇ ಉಜ್ಜಿದರೆ ಧೂಳು ನೇರ ಎದೆಗೆ ಹೋಗುತ್ತದೆ. ಹಾಗಾಗಿ ನೀರು ಹಾಕಿ ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಉದುರಿದ ಚೂರನ್ನೂ ಬಿಡದೆ ಗುಡಿಸಿ ತೆಗೆಯಬೇಕು. ತುಕ್ಕು ಜಾಸ್ತಿ ಹಿಡಿಯುವುದು ನೀರು ನಿಲ್ಲುವ ಬುಡದಲ್ಲಿ. ಅಲ್ಲಿ ಅವಸರ ಮಾಡಿದರೆ ಹೊಸ ಬಣ್ಣ ಬೇಗ ಗುಳ್ಳೆ ಏಳುತ್ತದೆ. ಮೊದಲು ಪ್ರೈಮರ್, ಆಮೇಲೆ ಕೆಂಪು. ಆ ಕೆಂಪಿಗೂ ನಂಬರ್ ಇದೆ: ಬಿಎಸ್381ಸಿ ಅನ್ನೋ ಬ್ರಿಟಿಷ್ ಬಣ್ಣಗಳ ಪಟ್ಟಿಯ 539. ಒಂದೊಂದು ಪಕ್ಕದಲ್ಲಿ ಎಂಟು ಸಾಲು, ಸಾಲಿಗೆ ಮೂರು ಗಾಜು. ಅದರ ಅಂಚಿಗೆ ಸಣ್ಣ ಬ್ರಷ್ಷೇ ಬೇಕು. ಪಾರಂಪರಿಕ ಕಟ್ಟಡಗಳ ಸಂರಕ್ಷಿತ ಪಟ್ಟಿಯಲ್ಲಿರುವ ಬೂತ್ ಆದರೆ ಬೇರೆ ಬಣ್ಣ ಹಚ್ಚುವ ಮೊದಲು ಅನುಮತಿ ಕೇಳಬೇಕು.

ಉಪಯೋಗ ಬಗೆಬಗೆ. ಇಂಗ್ಲೆಂಡಿನ ಸಾಮರ್ಸೆಟ್‌ನ ವೆಸ್ಟ್‌ಬರಿ-ಸಬ್-ಮೆಂಡಿಪ್ ಹಳ್ಳಿಗೆ ಬರುತ್ತಿದ್ದ ಲೈಬ್ರರಿ ವ್ಯಾನ್ ನಿಂತುಹೋದಾಗ, 2009ರಲ್ಲಿ ಊರಿನವರು ಬೂತ್‌ನಲ್ಲೇ ಪುಸ್ತಕ ಜೋಡಿಸಿದರು. ಒಂದು ತಗೊಂಡು ಹೋಗಿ, ಒಂದು ಇಟ್ಟು ಹೋಗಿ, ಅಷ್ಟೇ.

ಆದರೂ ನನ್ನ ಓಟು ಡಿಫಿಬ್ರಿಲೇಟರ್‌ಗೆ. ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ ಅದು. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುವ ಹೊತ್ತಲ್ಲಿ ಅದು ಎಲ್ಲಿದೆ ಅಂತ ಹುಡುಕುತ್ತಾ ಕೂರೋಕಾಗಲ್ಲ ಅಲ್ವಾ? ಕೆಂಪು ಬೂತ್ ಎಲ್ಲಿದೆ ಅಂತ ಊರಿನ ಮಕ್ಕಳಿಗೂ ಗೊತ್ತು. ಯಂತ್ರದ ಪೆಟ್ಟಿಗೆ ಚಳಿಗಾಲದಲ್ಲಿ ಬೆಚ್ಚಗಿರಬೇಕು, ಅದಕ್ಕೆ ಕರೆಂಟ್ ಬೇಕು. ಹಾಗಾಗಿ ದತ್ತು ತಗೊಳ್ಳುವವರು ಫೋನ್ ತೆಗೆಯುವ ಮೊದಲೇ ಕರೆಂಟ್ ಲೈನ್ ಉಳಿಯುತ್ತದಾ ಅಂತ ಕೇಳಿಕೊಳ್ಳಲಿ.