ಹತ್ತು ಸರ್ವರ್, ಒಂದೇ ಡಿಸ್ಕು, ನಡುವೆ ಒಂದು ಕರ್ಚೀಫು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಅತಿಜಾಣತನ ಮಾಡಿದ್ದೆ. ಸ್ಟೋರೇಜ್‌ನಲ್ಲಿದ್ದ (ಸರ್ವರ್‌ಗಳಿಗೆ ಡಿಸ್ಕ್ ಒದಗಿಸುವ ಬೇರೆ ಪೆಟ್ಟಿಗೆ) ಒಂದೇ ಡಿಸ್ಕನ್ನು ಎರಡು ಲಿನಕ್ಸ್ ಸರ್ವರ್‌ಗಳಲ್ಲಿ ಮೌಂಟ್ ಮಾಡಿದೆ, ಅಂದರೆ ಬಳಕೆಗೆ ಜೋಡಿಸಿದೆ. ಎರಡೂ ತಕರಾರಿಲ್ಲದೆ ಒಪ್ಪಿಕೊಂಡವು. ಒಂದರಲ್ಲಿ ಬರೆದ ಫೈಲ್ ಇನ್ನೊಂದರಲ್ಲಿ ಕಾಣಲಿಲ್ಲ. ಸ್ವಲ್ಪ ತಡ ಇರಬಹುದು ಅಂದುಕೊಂಡು ಸುಮ್ನೆ ಮನೆಗೆ ಹೋದೆ. ಮರುದಿನ ನೋಡಿದರೆ ಅರ್ಧ ಫೈಲುಗಳು ಕೆಟ್ಟು ಕೂತಿದ್ದವು.

ತಪ್ಪು ಡಿಸ್ಕಿನದಲ್ಲ. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಅಂತ ನೋಡಿಕೊಳ್ಳುವ ಸಾಫ್ಟ್‌ವೇರೇ ಫೈಲ್ ಸಿಸ್ಟಮ್. ಇಎಕ್ಸ್‌ಟಿ4ನಂಥ ಮಾಮೂಲಿ ಫೈಲ್ ಸಿಸ್ಟಮ್ ಈ ಡಿಸ್ಕು ತನ್ನೊಬ್ಬನದೇ ಅಂತ ನಂಬಿರುತ್ತದೆ. ಯಾವ ಜಾಗ ಖಾಲಿ ಇದೆ ಅನ್ನುವ ಪಟ್ಟಿಯನ್ನು ಮೆಮೊರಿಗೆ ತಂದುಕೊಂಡು ಅದನ್ನೇ ನೋಡುತ್ತಾ ಕೆಲಸ ಮಾಡುತ್ತದೆ. ಇಬ್ಬರ ಕೈಯಲ್ಲೂ ಒಂದೊಂದು ಹಳೇ ಪಟ್ಟಿ. ಒಂದೇ ಖಾಲಿ ಜಾಗದಲ್ಲಿ ಇಬ್ಬರೂ ಬರೆದರು.

ಹಾಗಿದ್ದರೆ ಹಂಚಿಕೊಳ್ಳುವುದಾದರೂ ಯಾಕೆ? ವರ್ಚುವಲ್ ಮಷೀನ್‌ಗಳಿಗಾಗಿ, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಕಂಪ್ಯೂಟರ್‌ಗಳಿಗಾಗಿ. ವರ್ಚುವಲ್ ಮಷೀನಿನ ಇಡೀ ಹಾರ್ಡ್‌ಡಿಸ್ಕ್ ನಿಜದಲ್ಲಿ ಒಂದು ದೊಡ್ಡ ಫೈಲ್. ಎಲ್ಲ ಸರ್ವರ್‌ಗಳಿಗೂ ಆ ಫೈಲ್ ಕಾಣುತ್ತಿದ್ದರೆ, ಒಂದು ಸರ್ವರ್ ಸತ್ತಾಗ ಇನ್ನೊಂದು ಅದನ್ನೇ ತೆರೆದು ಮಷೀನನ್ನು ಎಬ್ಬಿಸುತ್ತದೆ. ಇಂಥ ಮಷೀನ್‌ಗಳ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿ 2003ರಲ್ಲಿ ತಂದ ವಿಮೋಷನ್ನಿನ ಗುಟ್ಟೂ ಇಷ್ಟೇ. ಓಡುತ್ತಿರುವ ಮಷೀನಿನ ಮೆಮೊರಿ ಮಾತ್ರ ಪಕ್ಕದ ಸರ್ವರ್‌ಗೆ ಹೋಗುತ್ತದೆ, ಡಿಸ್ಕು ಇದ್ದಲ್ಲೇ ಇರುತ್ತದೆ.

ಎಲ್ಲರಿಗೂ ಕಾಣುವಂತೆ ಕೇಬಲ್ ಎಳೆಯುವುದು ಸುಲಭ. ಈಗ ಯಾರು ಬರೆಯಬೇಕು ಅನ್ನುವುದೇ ಕಷ್ಟ.

ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫ್ ಹಾಕುತ್ತೇವಲ್ಲ, ಇಲ್ಲೂ ಅದೇ ಉಪಾಯ. ವಿಎಂವೇರ್‌ನ ವಿಎಂಎಫ್‌ಎಸ್ ಅನ್ನುವ ಹಂಚಿಕೊಳ್ಳುವ ಫೈಲ್ ಸಿಸ್ಟಮ್‌ನಲ್ಲಿ ಫೈಲ್ ತೆರೆದ ಸರ್ವರ್ ಡಿಸ್ಕಿನ ಮೇಲೇ ತನ್ನ ಗುರುತು ಹಾಕುತ್ತದೆ. ಆದರೆ ಆ ಗುರುತು ಹಾಕುವಷ್ಟು ಹೊತ್ತು ಮೊದಲೆಲ್ಲ ಇಡೀ ಡಿಸ್ಕನ್ನೇ ಹಿಡಿದುಕೊಳ್ಳಬೇಕಿತ್ತು. ಇದಕ್ಕೆ ಸ್ಕಸಿ ರಿಸರ್ವೇಷನ್ ಅಂತ ಹೆಸರು. ಒಂದು ಸೀಟಿಗಾಗಿ ಬಸ್ಸಿನ ಬಾಗಿಲನ್ನೇ ಹಾಕಿದ ಹಾಗೆ! ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗಿ ನೂರಾರು ಮಷೀನ್ ಎದ್ದರೆ ಬಾಗಿಲ ಮುಂದೆ ಜಾತ್ರೆ.

2010ರಲ್ಲಿ ವಿಎಂವೇರ್‌ನದೇ ಸಾಫ್ಟ್‌ವೇರ್ ವಿಸ್ಫಿಯರ್ 4.1 ಬಂದಾಗ ಇದಕ್ಕೊಂದು ಚೆಂದದ ಪರಿಹಾರ ಬಂತು, ಎಟಿಎಸ್ (ಅಟಾಮಿಕ್ ಟೆಸ್ಟ್ ಅಂಡ್ ಸೆಟ್). ಸರ್ವರ್ ಸ್ಟೋರೇಜ್‌ಗೆ ಹೇಳುವುದು ಇಷ್ಟು: "ಈ 512 ಬೈಟಿನಲ್ಲಿ ನಾನು ಆಗ ಓದಿದ್ದೇ ಈಗಲೂ ಇದೆಯಾ? ಇದ್ದರೆ ಇದನ್ನು ಬರೆ. ಇಲ್ಲದಿದ್ದರೆ ಬಿಡು." ನೋಡುವುದು, ಬರೆಯುವುದು ಎರಡನ್ನೂ ಸ್ಟೋರೇಜೇ ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ನಡುವೆ ಇನ್ನೊಬ್ಬ ನುಗ್ಗಲು ಸಂದಿಯೇ ಇಲ್ಲ. ಪಕ್ಕದ ಸೀಟಿನವರಿಗೆ ತೊಂದರೆಯೂ ಇಲ್ಲ.

ಕರ್ಚೀಫ್ ಹಾಕಿದವನು ಬರಲೇ ಇಲ್ಲ ಅಂದರೆ? ಅದಕ್ಕೇ ಪ್ರತಿ ಸರ್ವರ್ ಕೆಲವು ಸೆಕೆಂಡಿಗೊಮ್ಮೆ "ಇದ್ದೀನಿ" ಅಂತ ಡಿಸ್ಕಿನಲ್ಲಿ ಬರೆಯುತ್ತಿರಬೇಕು. ಅದು ನಿಂತರೆ ಉಳಿದವರು ಕರ್ಚೀಫ್ ತೆಗೆದು ಕೂರಬಹುದು.

ನನಗೆ ಜಾಸ್ತಿ ಭಯ ಸತ್ತ ಸರ್ವರ್‌ನದಲ್ಲ, ತೂಕಡಿಸಿದ ಸರ್ವರ್‌ನದು. ಅರ್ಧ ನಿಮಿಷ ಹ್ಯಾಂಗ್ ಆಗಿದ್ದು, ಎದ್ದ ತಕ್ಷಣ ಹಳೇ ಕೆಲಸ ಮುಂದುವರಿಸುತ್ತದೆ. ಅಷ್ಟರಲ್ಲಿ ಅದರ ಸೀಟು ಬೇರೆಯವರದಾಗಿರುತ್ತದಲ್ವಾ? ಲಿನಕ್ಸ್ ಕ್ಲಸ್ಟರ್‌ಗಳಲ್ಲಿ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಇದಕ್ಕೆ ಕಟುವಾದ ಮದ್ದಿದೆ. ಅನುಮಾನ ಬಂದರೆ ಮೊದಲು ಆ ಸರ್ವರ್‌ನ ಕರೆಂಟ್ ಕಿತ್ತುಹಾಕು, ಆಮೇಲೆ ಫೈಲ್ ಮುಟ್ಟು. ಇದರ ಹೆಸರು ಸ್ಟೋನಿತ್. ಬಿಡಿಸಿ ಹೇಳಿದರೆ, "ಆ ಕಡೆಯವನ ತಲೆಗೆ ಗುಂಡು ಹೊಡಿ." ಎರಡೇ ಸರ್ವರ್ ಇದ್ದು ನಡುವಿನ ನೆಟ್‌ವರ್ಕ್ ಕಡಿದುಹೋದರೆ ಇಬ್ಬರೂ ಒಂದೇ ಕ್ಷಣಕ್ಕೆ ಗುಂಡು ಹೊಡೆದು ಎರಡೂ ಆಫ್ ಆಗಬಹುದು. ಅದಕ್ಕೇ ಒಬ್ಬನಿಗೆ ಮೊದಲೇ ಹೇಳಿಟ್ಟಿರುತ್ತಾರೆ: ನೀನು ಕೆಲವು ಸೆಕೆಂಡು ತಡೆದು ಹೊಡಿ.